ತೊಡೆಸಂದಿನ ಕೆಂಪು ಹೋಗ್ತಾನೇ ಇಲ್ಲವೇ? ಕೂಸಿನ ಡೈಪರ್ ಜಾಗದ ಫಂಗಸ್ ಮತ್ತು ಸರಿಯಾದ ಟ್ಯೂಬ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತು ನಾವು ಖಾನಾಪುರ ತಾಲ್ಲೂಕಿನ ನಂದಗಡದ ಕಡೆ ಹೋಗೋಣ. ನಂದಗಡ ಅಂದ ಕೂಡಲೇ ನೆನಪಾಗೋದು ಸಂಗೊಳ್ಳಿ ರಾಯಣ್ಣ. 1831ರ ಜನವರಿ 26ರಂದು ಬ್ರಿಟಿಷರು ಅವರನ್ನು ಗಲ್ಲಿಗೇರಿಸಿದ್ದು ಇದೇ ಊರಾಗ. ಅವರ ಸಮಾಧಿಯ ಹತ್ತಿರ ದೊಡ್ಡ ಆಲದ ಮರ ಐತಿ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಆ ಮರಕ್ಕೆ ಪುಟ್ಟ ಪುಟ್ಟ ತೊಟ್ಟಿಲು ಕಟ್ಟಿ ಹೋಗ್ತಾರೆ. ಇವತ್ತಿನ ಮಾತು ಮನೆಯೊಳಗಿನ ನಿಜವಾದ ತೊಟ್ಟಿಲಿನದು. ಕೂಸು ಬಂತು, ನಾಮಕರಣ ಆಯ್ತು, ಎಲ್ಲ ಚೆಂದ ಐತಿ. ಆದರೆ ಹೊರಗೆ ಮಳೆ ನಿಂತಿಲ್ಲ, ಒಳಗೆ ಲಂಗೋಟಿ ಒಣಗಿಲ್ಲ, ಕೂಸಿನ ತೊಡೆಸಂದಿನ ಕೆಂಪು ಹೋಗ್ತಿಲ್ಲ.

ಖಾನಾಪುರ ತಾಲ್ಲೂಕು ಪಶ್ಚಿಮ ಘಟ್ಟದ ಸೆರಗು. ಮಲಪ್ರಭೆ ಹುಟ್ಟುವ ಕಣಕುಂಬಿ, ಆ ಕಡೆಯ ಜಾಂಬೋಟಿ, ಇಲ್ಲೆಲ್ಲ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲಿನ ಮುಖ ನೋಡೋದೇ ಅಪರೂಪ. ಗೋಡೆ ಹಸಿ, ಹಾಸಿಗೆ ತಂಪು, ಬಟ್ಟೆಗೆ ಮುಗ್ಗಲು ವಾಸನೆ. ನಮಗೆ ಇದು ಬರೀ ಕಿರಿಕಿರಿ. ಒಂದು ಜಾತಿಯ ಫಂಗಸ್‌ಗೆ ಮಾತ್ರ ಇದು ಹಬ್ಬ.

ಈ ಸಂಚಿಕೆಯಿಂದ ಒಂದೇ ಮಾತು ನೆನಪಿಟ್ಟುಕೊಂಡ್ರೂ ಸಾಕು. ಮೂರು ದಿನಕ್ಕೂ ಹೋಗದ, ಮಡಿಕೆಯೊಳಗೆ ಹೊಕ್ಕ ಕೆಂಪು ಬಹಳಷ್ಟು ಸಲ ಫಂಗಸ್‌ನದು. ಅದಕ್ಕೆ ಬೇಕಾದದ್ದು ಒಣ ಚರ್ಮ ಮತ್ತು ಸಾದಾ ಆಂಟಿಫಂಗಲ್ ಮುಲಾಮು. ಪೌಡರ್ ಅಲ್ಲ. ಮೆಡಿಕಲ್ ಶಾಪ್‌ನ ಕೌಂಟರ್‌ನಾಗ ಕೈಗೆ ಬರುವ, ಎಲ್ಲ ಔಷಧ ಕಲಸಿದ ಮಿಕ್ಸ್ ಟ್ಯೂಬ್ ಅಂತೂ ಅಲ್ಲವೇ ಅಲ್ಲ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಎರಡು ಥರದ ಕೆಂಪು

ಡೈಪರ್ ಜಾಗ ಕೆಂಪಾದ್ರೆ ಎಲ್ಲವೂ ಫಂಗಸ್ ಅಲ್ಲ. ಬಹುಪಾಲು ಸಾದಾ ಉರಿಯೇ ಆಗಿರುತ್ತದೆ. ಒದ್ದೆ ಬಟ್ಟೆ ಚರ್ಮಕ್ಕೆ ತಿಕ್ಕಿ, ಉಚ್ಚಿ ಮತ್ತು ಕಕ್ಕ ಬಹಳ ಹೊತ್ತು ತಾಗಿ ಆಗುವಂಥದ್ದು. ಇದು ಉಬ್ಬಿದ ಜಾಗದಲ್ಲಿ ಕಾಣಿಸುತ್ತದೆ: ಕುಂಡಿ, ತೊಡೆಯ ಮೇಲ್ಭಾಗ, ಕೆಳಹೊಟ್ಟೆ. ಬಟ್ಟೆ ತಾಗುವಲ್ಲಿ ಕೆಂಪು, ತೊಡೆಸಂದಿನ ಆಳದ ಮಡಿಕೆಯಲ್ಲಿ ಚರ್ಮ ಚೆನ್ನಾಗೇ ಇರುತ್ತದೆ. ಪದೇ ಪದೇ ಬದಲಿಸಿ, ಗಾಳಿಗೆ ಬಿಟ್ಟು, ಜಿಂಕ್ ಮುಲಾಮು ಹಚ್ಚಿದ್ರೆ ಎರಡು ಮೂರು ದಿನದಾಗ ಇಳಿಯುತ್ತದೆ.

ಫಂಗಸ್‌ನ ಗುರುತು ಬೇರೆ. ಅದು ಮಡಿಕೆಯ ಒಳಗೇ ಮನೆ ಮಾಡುತ್ತದೆ. ಕೂಸಿನ ತೊಡೆ ಅಗಲಿಸಿ ಸಂದಿನಲ್ಲಿ ನೋಡ್ರಿ. ಗಾಢ ಕೆಂಪು, ಹೊಳಪು, ಅಂಚು ಗೆರೆ ಎಳೆದಂತೆ ಸ್ಪಷ್ಟ, ಅಂಚಿನಲ್ಲಿ ತೆಳ್ಳಗೆ ಸಿಪ್ಪೆ. ಇನ್ನೂ ಮುಖ್ಯವಾದದ್ದು, ದೊಡ್ಡ ಕೆಂಪಿನ ಹೊರಗೆ ಅಲ್ಲೊಂದು ಇಲ್ಲೊಂದು ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು. ದೊಡ್ಡ ಊರಿನ ಸುತ್ತ ಹಳ್ಳಿಗಳಿದ್ದ ಹಾಗೆ. ಡಾಕ್ಟರು ಮೊದಲು ಹುಡುಕೋದು ಈ ಎರಡನ್ನೇ: ಮಡಿಕೆಯೊಳಗೆ ಕೆಂಪು ಇದೆಯಾ, ಸುತ್ತ ಮರಿಗುಳ್ಳೆ ಇವೆಯಾ.

ಇಲ್ಲಿ ಒಂದು ಎಚ್ಚರ. ಮೊಬೈಲ್‌ನಾಗ ಹುಡುಕಿದ್ರೆ ಬರುವ ಫೋಟೋಗಳಲ್ಲಿ ಹೆಚ್ಚಿನವು ಬಿಳಿ ಚರ್ಮದ ಮಕ್ಕಳವು. ನಮ್ಮ ಕೂಸುಗಳದ್ದು ಗೋಧಿ ಬಣ್ಣ, ಎಣ್ಣೆಗೆಂಪು, ಕಪ್ಪು. ಇಂಥ ಚರ್ಮದಲ್ಲಿ ಅದು ಟೊಮೆಟೊ ಕೆಂಪಾಗಿ ಕಾಣದೇ ಇರಬಹುದು. ಸುತ್ತಲಿನ ಚರ್ಮಕ್ಕಿಂತ ಕಡುಗಂದು, ಕೆಲವೊಮ್ಮೆ ನೇರಳೆ ಛಾಯೆ, ಅಷ್ಟೇ. ಆದ್ದರಿಂದ ಬಣ್ಣಕ್ಕಿಂತ ಜಾಗ, ಅಂಚು, ಮರಿಗುಳ್ಳೆ ನೋಡ್ರಿ. ಬೆರಳಿನಿಂದ ಮೆಲ್ಲಗೆ ಮುಟ್ಟಿದಾಗ ಬೆಚ್ಚಗೆ ಅನ್ನಿಸುತ್ತದೆಯಾ, ಕೂಸು ಅಳುತ್ತದೆಯಾ ಅಂತ ಗಮನಿಸಿ. ಗುಣವಾದ ಮೇಲೆ ಆ ಜಾಗ ಕೆಲವು ವಾರ ಬಿಳುಪಾಗಿಯೋ ಕಪ್ಪಾಗಿಯೋ ಉಳಿಯಬಹುದು. ಅದು ರೋಗ ಉಳಿದದ್ದಲ್ಲ, ಬಣ್ಣ ಮರಳೋಕೆ ಹೊತ್ತು ಬೇಕು.

ಈ ಫಂಗಸ್ ಬಂದದ್ದೆಲ್ಲಿಂದ?

ಇದರ ಹೆಸರು ಕ್ಯಾಂಡಿಡಾ. ಇದೊಂದು ಯೀಸ್ಟ್. ಬೇಕರಿಯಲ್ಲಿ ಪಾವ್ ಉಬ್ಬಿಸುವ ಯೀಸ್ಟ್‌ಗೆ ದೂರದ ಸಂಬಂಧಿ. ಹಾಗಂತ ಬಾಣಂತಿ ಪಾವ್ ತಿಂದದ್ದಕ್ಕೆ ಕೂಸಿಗೆ ಬಂತು ಅನ್ನೋದು ತಪ್ಪು. ಕ್ಯಾಂಡಿಡಾ ಹೊರಗಿನಿಂದ ಬರುವ ಕಳ್ಳನೇ ಆಗಬೇಕಿಲ್ಲ. ದೊಡ್ಡವರು, ಮಕ್ಕಳು ಅನ್ನದೆ ಎಷ್ಟೋ ಜನರ ಬಾಯಿ, ಕರುಳಿನಲ್ಲಿ ಅದು ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳ ದೊಡ್ಡ ಸಂತೆಯೇ ಇರುವುದರಿಂದ ಅದಕ್ಕೆ ತಲೆಯೆತ್ತೋಕೆ ಜಾಗ ಸಿಗೋದಿಲ್ಲ.

ತಲೆಯೆತ್ತೋದು ಹೇಗೆ? ಡೈಪರ್ ಒಳಗೆ ಉಚ್ಚಿ ಮತ್ತು ಕಕ್ಕ ಕೂಡುತ್ತವೆ. ಕಕ್ಕದಲ್ಲಿರುವ ಬ್ಯಾಕ್ಟೀರಿಯಾಗಳು ಉಚ್ಚಿಯ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಬಹಳ ಹೊತ್ತು ಬಿಟ್ಟ ಲಂಗೋಟಿ ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಅದೇ. ಚರ್ಮದ ಮೇಲೆ ಸಹಜವಾಗಿ ಇರುವ ತುಸು ಹುಳಿ ಗುಣ ಇದರಿಂದ ಹೋಗಿಬಿಡುತ್ತದೆ. ಆಗ ಕಕ್ಕದಲ್ಲಿ ಇರುವ, ಆಹಾರ ಜೀರ್ಣ ಮಾಡೋ ಕಿಣ್ವಗಳು ಚುರುಕಾಗಿ ಕೂಸಿನ ಚರ್ಮವನ್ನೇ ಕೊರೆಯೋಕೆ ಶುರು ಮಾಡುತ್ತವೆ. ಮೇಲುಪದರ ನೆನೆದು ಮೆತ್ತಗಾಗಿರುತ್ತದೆ, ಬಟ್ಟೆ ತಿಕ್ಕಿ ಸಣ್ಣ ಸಣ್ಣ ಬಿರುಕು ಬೀಳುತ್ತದೆ. ಬೆಚ್ಚಗೆ, ಒದ್ದೆ, ಕತ್ತಲು, ಬಾಗಿಲು ಬೇರೆ ತೆರೆದಿದೆ. ಕ್ಯಾಂಡಿಡಾ ಒಳಗೆ ಬರುತ್ತದೆ.

ಇದಕ್ಕೆ ನೂಕು ಕೊಡುವ ಸಂಗತಿಗಳು ಮೂರು. ಮೊದಲನೇದು, ಆಂಟಿಬಯೋಟಿಕ್. ಕೆಮ್ಮಿಗೋ ಕಿವಿ ನೋವಿಗೋ ಕೂಸಿಗೆ ಆಂಟಿಬಯೋಟಿಕ್ ಕೊಟ್ಟಾಗ ಒಳ್ಳೆ ಬ್ಯಾಕ್ಟೀರಿಯಾಗಳೂ ಕಡಿಮೆಯಾಗುತ್ತವೆ, ಫಂಗಸ್‌ಗೆ ಜಾಗ ಸಿಗುತ್ತದೆ. ಹಾಲುಣಿಸುವ ತಾಯಿ ತಗೊಂಡಾಗಲೂ ಹೀಗಾಗಬಹುದು. ಅದಕ್ಕಂತ ಡಾಕ್ಟರು ಕೊಟ್ಟ ಕೋರ್ಸನ್ನು ನಡುವೆ ನಿಲ್ಲಿಸಬ್ಯಾಡ್ರಿ, ಆ ವಾರ ತೊಡೆಸಂದಿನ ಮೇಲೆ ಕಣ್ಣಿಡ್ರಿ. ಎರಡನೇದು, ಭೇದಿ. ಪದೇ ಪದೇ ಕಕ್ಕ ಹೋದಾಗ, ಆರು ತಿಂಗಳಿಗೆ ಮೇಲಿನ ಊಟ ಶುರು ಮಾಡಿದಾಗ ಚರ್ಮಕ್ಕೆ ಪೆಟ್ಟು ಜಾಸ್ತಿ. ಮೂರನೇದು, ನಮ್ಮ ಮಳೆಗಾಲ.

ಮಳೆಗಾಲದ ಲೆಕ್ಕ

ಹುಟ್ಟಿದ ಕೂಸಿಗೆ ದಿನಕ್ಕೆ ಹತ್ತರಿಂದ ಹನ್ನೆರಡು ಸಲ ಲಂಗೋಟಿ ಬದಲಿಸಬೇಕು ಅಂತ ಇಟ್ಕೊಳ್ಳಿ. ಬೇಸಿಗೆಯಲ್ಲಿ ಬೆಳಿಗ್ಗೆ ಒಗೆದದ್ದು ಮಧ್ಯಾಹ್ನಕ್ಕೆ ಗರಿಗರಿ. ಹದಿನೈದು ಲಂಗೋಟಿ ಇದ್ರೆ ಸಂಸಾರ ಸಾಗುತ್ತದೆ. ಜುಲೈನಲ್ಲಿ ಅದೇ ಬಟ್ಟೆ ಒಣಗೋಕೆ ಎರಡು ದಿನ. ಆಗ ಮೂವತ್ತರ ಹತ್ತಿರ ಬೇಕು. ಅಷ್ಟು ಎಷ್ಟು ಮನೆಯಲ್ಲಿ ಇರುತ್ತವೆ? ಅರ್ಧ ಒಣಗಿದ್ದನ್ನೇ ಕಟ್ಟುತ್ತೇವೆ. ಕೈಗೆ ಒಣಗಿದಂತೆ ಅನ್ನಿಸುವ ಬಟ್ಟೆಯ ಅಂಚು, ಹೊಲಿಗೆಯಲ್ಲಿ ತೇವ ಉಳಿದಿರುತ್ತದೆ.

ಇನ್ನು ಅಂಗಡಿ ಡೈಪರ್. ಒಂದಕ್ಕೆ ಹತ್ತು ರೂಪಾಯಿ ಅಂತ ಹಿಡಿದ್ರೂ ದಿನಕ್ಕೆ ಎಂಟಾದ್ರೆ 80 ರೂಪಾಯಿ, ತಿಂಗಳಿಗೆ 2,400. ಕೂಲಿ ಮೇಲೆ ನಡೆಯೋ ಮನೆಗೆ ಇದು ಸಣ್ಣ ಮಾತಲ್ಲ. ಹಾಗಾಗಿ ಏನಾಗುತ್ತದೆ? "ಇನ್ನೂ ತುಂಬಿಲ್ಲ" ಅಂತ ಒಂದೇ ಡೈಪರ್ ಆರು ತಾಸು, ಎಂಟು ತಾಸು ಇರುತ್ತದೆ. ಒಳಗಿನ ಜೆಲ್ ನೀರನ್ನು ಹೀರಿಕೊಂಡು ಮೇಲೆ ಒಣಗಿದಂತೆ ತೋರಿಸುತ್ತದೆ ನಿಜ, ಆದರೆ ಕಕ್ಕವನ್ನು ಅದು ಹೀರೋದಿಲ್ಲ, ಬೆವರಿನ ಹಬೆಯೂ ಪೂರ್ತಿ ಹೊರಗೆ ಹೋಗೋದಿಲ್ಲ. ತಪ್ಪು ತಾಯಿಯದಲ್ಲ, ಡೈಪರ್‌ನದೂ ಅಲ್ಲ. ತಾಸಿನದು.

ನಡುದಾರಿ ಐತಿ. ಮಳೆಗಾಲದ ನಾಲ್ಕು ತಿಂಗಳು ಹಗಲು ಬಟ್ಟೆ, ರಾತ್ರಿ ಒಂದೋ ಎರಡೋ ಅಂಗಡಿ ಡೈಪರ್. ಬಟ್ಟೆಗೆ ಹಳೆಯ ಹತ್ತಿ ಸೀರೆ, ಹಳೆಯ ಧೋತರ ಎಲ್ಲಕ್ಕಿಂತ ಉತ್ತಮ. ಮೆತ್ತಗೆ ಇರುತ್ತದೆ, ತೆಳ್ಳಗೆ ಇರುವುದರಿಂದ ಬೇಗ ಒಣಗುತ್ತದೆ. ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಮಾತ್ರ ಹಾಕಬ್ಯಾಡ್ರಿ. ಅದು ತೊಟ್ಟಿಲು ಉಳಿಸುತ್ತದೆ, ಕೂಸಿನ ಚರ್ಮ ಬೇಯಿಸುತ್ತದೆ.

ಹಚ್ಚೋದು ಏನು, ಹೇಗೆ

ಈಗ ಚಿಕಿತ್ಸೆಗೆ ಬರೋಣ. ಇಲ್ಲಿ ಕ್ರಮ ಮುಖ್ಯ.

ಒಂದು, ತೊಳೆಯೋದು. ಉಗುರುಬೆಚ್ಚಗಿನ ನೀರು, ಮೆತ್ತನೆ ಹತ್ತಿ ಬಟ್ಟೆ ಸಾಕು. ಪ್ರತಿ ಸಲ ಸಾಬೂನು ಬೇಡ, ಕಕ್ಕ ಅಂಟಿದಾಗ ಮಾತ್ರ ಮೃದು ಸಾಬೂನು ಸ್ವಲ್ಪ. ಹೆಣ್ಣುಕೂಸಾದ್ರೆ ಮುಂದಿನಿಂದ ಹಿಂದಕ್ಕೆ ಒರೆಸಿ. ಚರ್ಮ ಕಿತ್ತುಹೋಗಿದ್ರೆ ಒರೆಸಲೂ ಬೇಡ, ಚೊಂಬಿನಿಂದ ನೀರು ಹನಿಸಿ ತೊಳೀರಿ. ಸುವಾಸನೆಯ ವೈಪ್ಸ್ ಈ ದಿನಗಳಲ್ಲಿ ಪಕ್ಕಕ್ಕಿಡಿ.

ಎರಡು, ಒಣಗಿಸೋದು. ತಿಕ್ಕಬ್ಯಾಡ್ರಿ, ಒಣ ಬಟ್ಟೆಯಿಂದ ಒತ್ತಿ ತೆಗೀರಿ. ಆಮೇಲೆ ಚಾಪೆ ಮೇಲೆ ಹಳೇ ದುಪಟಿ ಹಾಸಿ ಕೂಸನ್ನ ಹಂಗೇ ಹತ್ತು ಹದಿನೈದು ನಿಮಿಷ ಬರಿಮೈಯಲ್ಲಿ ಬಿಡ್ರಿ, ದಿನಕ್ಕೆ ಮೂರು ನಾಲ್ಕು ಸಲ. ಹಾಸಿಗೆ ಒದ್ದೆಯಾದ್ರೆ ಆಗಲಿ. ತೊಡೆಸಂದಿಗೆ ಗಾಳಿ ತಾಗುವುದು ಅರ್ಧ ಔಷಧ. ಹೇರ್ ಡ್ರೈಯರ್ ಬೇಡ, ಕೂಸಿನ ಚರ್ಮ ಬೇಗ ಸುಡುತ್ತದೆ.

ಮೂರು, ಆಂಟಿಫಂಗಲ್ ಮುಲಾಮು. ಸಾಮಾನ್ಯವಾಗಿ ಡಾಕ್ಟರು ಬರೆಯೋದು ಶೇ 1ರ ಕ್ಲೋಟ್ರಿಮಝೋಲ್ ಅಥವಾ ಶೇ 2ರ ಮೈಕೊನಝೋಲ್. ನಿಸ್ಟಾಟಿನ್ ಕೂಡ ಇದೇ ಕೆಲಸದ್ದು. ಬಟಾಣಿ ಕಾಳಿನಷ್ಟು ತೆಗೆದುಕೊಂಡು ತೆಳುವಾಗಿ, ಮಡಿಕೆಯ ಆಳದವರೆಗೆ, ಮರಿಗುಳ್ಳೆಗಳನ್ನೂ ದಾಟಿ ಒಂದು ಬೆರಳಗಲ ಆಚೆಗೂ ಹಚ್ಚಬೇಕು. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ದಪ್ಪಗೆ ಬಳಿದ್ರೆ ಬೇಗ ಗುಣ ಆಗೋದಿಲ್ಲ, ಮಡಿಕೆ ಇನ್ನಷ್ಟು ಒದ್ದೆಯಾಗುತ್ತದೆ ಅಷ್ಟೇ.

ನಾಲ್ಕು, ಜಿಂಕ್ ಆಕ್ಸೈಡ್. ಆಂಟಿಫಂಗಲ್ ಹಚ್ಚಿ ಕೆಲವು ನಿಮಿಷ ಬಿಟ್ಟು, ಅದರ ಮೇಲೆ ಜಿಂಕ್ ಆಕ್ಸೈಡ್ ಮುಲಾಮನ್ನು ದಪ್ಪಗೆ, ಗೋಡೆಗೆ ಸುಣ್ಣ ಬಳಿದಂತೆ ಬಳೀರಿ. ಇದು ಫಂಗಸ್ ಕೊಲ್ಲೋದಿಲ್ಲ. ಉಚ್ಚಿ, ಕಕ್ಕ ಚರ್ಮಕ್ಕೆ ತಾಗದಂತೆ ತಡೆಗೋಡೆ ಆಗುತ್ತದೆ, ಉರಿ ತಣಿಯುತ್ತದೆ. ಆಂಟಿಫಂಗಲ್ ಎರಡೇ ಸಲ, ಜಿಂಕ್ ಮಾತ್ರ ಪ್ರತಿ ಬದಲಾವಣೆಗೂ. ಮುಂದಿನ ಸಲ ಬಿಳಿ ಪದರ ಪೂರ್ತಿ ಕೆರೆದು ತೆಗೆಯಬ್ಯಾಡ್ರಿ, ಗಲೀಜಾದಷ್ಟನ್ನೇ ಒರೆಸಿ ಮೇಲೆ ಮತ್ತೆ ಬಳೀರಿ. ತೆಗೆಯಲೇಬೇಕಾದ್ರೆ ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಒರೆಸಿ.

ಐದು, ಕಟ್ಟೋದು. ಡೈಪರ್ ಆದ್ರೆ ಒಂದು ಸೈಜ್ ದೊಡ್ಡದು, ಲಂಗೋಟಿ ಆದ್ರೆ ಸಡಿಲ. ಎರಡು ಮೂರು ತಾಸಿಗೊಮ್ಮೆ, ಕಕ್ಕ ಮಾಡಿದ ಕೂಡಲೇ ಬದಲಿಸಿ. ರಾತ್ರಿಯೂ ಒಮ್ಮೆ. ಹಚ್ಚೋ ಮೊದಲು, ಹಚ್ಚಿದ ಮೇಲೆ ನಿಮ್ಮ ಕೈ ತೊಳ್ಕೊಳ್ಳಿ.

ಫಲ ಯಾವಾಗ? ಎರಡು ಮೂರು ದಿನಕ್ಕೆ ಹೊಸ ಮರಿಗುಳ್ಳೆ ಬರೋದು ನಿಲ್ಲಬೇಕು, ಅಳು ಕಡಿಮೆಯಾಗಬೇಕು. ಒಂದು ವಾರಕ್ಕೆ ಬಹುತೇಕ ಇಳಿಯುತ್ತದೆ. ನಾವು ಎಡವೋದು ಇಲ್ಲೇ: ನಾಲ್ಕನೇ ದಿನ ಚರ್ಮ ಚೆನ್ನಾಗಿ ಕಂಡ ಕೂಡಲೇ ಟ್ಯೂಬ್ ಕಪಾಟಿಗೆ. ಕಣ್ಣಿಗೆ ಕಾಣದ ಫಂಗಸ್ ಇನ್ನೂ ಇರುತ್ತದೆ, ಮುಂದಿನ ವಾರ ಮತ್ತೆ ಹಾಜರ್. ಡಾಕ್ಟರು ಹೇಳಿದಷ್ಟು ದಿನ, ಚರ್ಮ ತಿಳಿಯಾದ ಮೇಲೂ ಕೆಲವು ದಿನ ಹಚ್ಚಿ. ಒಟ್ಟು ಏಳರಿಂದ ಹದಿನಾಲ್ಕು ದಿನ ಆಗೋದು ಸಾಮಾನ್ಯ.

ಉರಿಯಿಂದ ಅಳುವ ಕೂಸಿಗೆ

ಉಚ್ಚಿ ಮಾಡುವಾಗ ಕೂಸು ಕಿಟಾರನೆ ಕಿರುಚುತ್ತದೆ ಅಂದ್ರೆ ಉಪ್ಪು ಗಾಯಕ್ಕೆ ಬಿದ್ದಂತೆ ಉರಿಯುತ್ತಿದೆ ಅಂತ ಅರ್ಥ. ಅಗಲ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ತೋಳಿನಲ್ಲಿ ಆತುಕೊಂಡು, ಸೊಂಟದ ತನಕ ಐದು ನಿಮಿಷ ಕೂರಿಸಿ. ಕೈ ಬಿಡಬ್ಯಾಡ್ರಿ. ನೀರಿಗೆ ಆಂಟಿಸೆಪ್ಟಿಕ್ ದ್ರಾವಣ, ಉಪ್ಪು, ಅರಿಶಿನ ಏನೂ ಬೇಡ. ಆಮೇಲೆ ಒಣಗಿಸಿ, ಜಿಂಕ್ ಬಳಿದು, ಎದೆಗೆ ಹಾಕ್ಕೊಂಡು ಹಾಲುಣಿಸಿ. ಹಾಲು ಹಸಿವಿಗಷ್ಟೇ ಅಲ್ಲ, ನೋವಿಗೂ ಸಮಾಧಾನ. ನೋವಿನ ಔಷಧ ಬೇಕೋ ಬೇಡವೋ, ಎಷ್ಟು ಹನಿ ಅನ್ನೋದು ತೂಕದ ಮೇಲೆ ಹೋಗುತ್ತದೆ. ಅದನ್ನ ಡಾಕ್ಟರೇ ಹೇಳಬೇಕು.

ಆ ಮಿಕ್ಸ್ ಟ್ಯೂಬ್‌ನ ಕಥೆ

ಈ ಸಂಚಿಕೆಯ ಅಸಲಿ ವಿಷಯಕ್ಕೆ ಬಂದ್ವಿ. ಮೆಡಿಕಲ್ ಶಾಪ್‌ಗೆ ಹೋಗಿ "ಕೂಸಿಗೆ ಕೆಂಪಾಗೇತಿ, ಏನರ ಕೊಡ್ರಿ" ಅಂದ್ರೆ ಕೈಗೆ ಬರೋದು ಎಷ್ಟೋ ಸಲ ಮಿಶ್ರ ಮುಲಾಮು. ಒಂದರಲ್ಲೇ ಆಂಟಿಫಂಗಲ್, ಆಂಟಿಬಯೋಟಿಕ್, ಜೊತೆಗೆ ಸ್ಟೀರಾಯ್ಡ್. ಹಚ್ಚಿದ ಮಾರನೇ ದಿನವೇ ಕೆಂಪು ಮಾಯ. "ಎಂಥಾ ಔಷಧ!" ಅಂತ ನಾವೂ ಖುಷಿ.

ಕೆಂಪು ಮಾಯವಾಗಿದ್ದು ಫಂಗಸ್ ಸತ್ತದ್ದಕ್ಕಲ್ಲ. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ, ಅಂದ್ರೆ ದೇಹ ಫಂಗಸ್ ಜೊತೆ ಮಾಡ್ತಿದ್ದ ಜಗಳವನ್ನೇ ನಿಲ್ಲಿಸುತ್ತದೆ. ಮನೆಗೆ ಕಳ್ಳ ನುಗ್ಗಿದಾಗ ನಾಯಿ ಬೊಗಳದಂತೆ ಬಾಯಿ ಕಟ್ಟಿದ ಹಾಗೆ. ಟ್ಯೂಬ್ ನಿಲ್ಲಿಸಿದ ಕೂಡಲೇ ಕೆಂಪು ಎರಡು ಪಟ್ಟಾಗಿ ಮರಳುತ್ತದೆ. ಮತ್ತೆ ಅದೇ ಟ್ಯೂಬ್. ಹೀಗೆ ತಿಂಗಳುಗಟ್ಟಲೆ.

ಕೂಸಿನಲ್ಲಿ ಇದು ಯಾಕೆ ಹೆಚ್ಚು ಅಪಾಯ? ಒಂದು, ಕೂಸಿನ ತೂಕಕ್ಕೆ ಹೋಲಿಸಿದ್ರೆ ಅದರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಬಹಳ ಜಾಸ್ತಿ. ಎರಡು, ತೊಡೆಸಂದಿನ ಚರ್ಮ ತೆಳು, ಔಷಧ ಬೇಗ ಒಳಗಿಳಿಯುತ್ತದೆ. ಮೂರು, ಮೇಲಿಂದ ಡೈಪರ್ ಬಿಗಿದಾಗ ಅದು ಬ್ಯಾಂಡೇಜಿನಂತೆ ಕೆಲಸ ಮಾಡಿ ಔಷಧವನ್ನು ಇನ್ನೂ ಒಳಗೆ ತಳ್ಳುತ್ತದೆ. ಚರ್ಮ ಕಾಗದದಂತೆ ತೆಳ್ಳಗಾಗುವುದು, ಗೆರೆ ಬೀಳುವುದು, ಗಂಟು ಏಳುವುದು ಆಗುತ್ತದೆ. ಗಟ್ಟಿ ಸ್ಟೀರಾಯ್ಡನ್ನು ಬಹಳ ದಿನ ಹಚ್ಚಿದ್ರೆ ರಕ್ತಕ್ಕೆ ಸೇರಿ, ದೇಹ ತಾನೇ ತಯಾರಿಸಬೇಕಾದ ಹಾರ್ಮೋನ್ ಕೆಡಿಸಬಹುದು. ಮುಖ ಊದುವುದು, ಬೆಳವಣಿಗೆ ಕುಂಠಿತವಾಗುವುದು ಅದರ ಲಕ್ಷಣ.

ಇದು ನಮ್ಮ ಒಂದು ಊರಿನ ಸಮಸ್ಯೆ ಅಲ್ಲ. ಇಂಥ ಮುಲಾಮುಗಳ ದುರ್ಬಳಕೆ ಬಗ್ಗೆ ದೇಶದ ಚರ್ಮವೈದ್ಯರು ವರ್ಷಗಟ್ಟಲೆ ದನಿ ಎತ್ತಿದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿ, ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಮಾಡಿತು. ಕಾನೂನು ಕಾಗದದ ಮೇಲಿದೆ. ಕೌಂಟರ್ ಮುಂದೆ ನಿಂತಾಗ ನಮ್ಮ ಕೂಸನ್ನ ಕಾಯಬೇಕಾದವರು ನಾವೇ.

ಹೇಗೆ ಕಾಯೋದು? ಟ್ಯೂಬ್‌ನ ಮುಂದಿನ ದೊಡ್ಡ ಹೆಸರು ಬಿಡ್ರಿ, ಹಿಂದಿನ ಸಣ್ಣಕ್ಷರ ಓದ್ರಿ. ಕಣ್ಣಿಗೆ ಕಾಣದಿದ್ರೆ ಮೊಬೈಲ್‌ನಾಗ ಫೋಟೋ ತೆಗೆದು ದೊಡ್ಡದು ಮಾಡಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೊಲೋನ್, ಇವೆಲ್ಲ ಸ್ಟೀರಾಯ್ಡ್‌ಗಳು. ಕಿವಿಗೆ ಮೋಸ ಮಾಡುವ ಒಂದು ಜೋಡಿ ನೆನಪಿಡಿ: ಕ್ಲೋಟ್ರಿಮಝೋಲ್ ನಮಗೆ ಬೇಕಾದ ಫಂಗಸ್ ಔಷಧ, ಕ್ಲೋಬೆಟಾಸೋಲ್ ಬಹಳ ಗಟ್ಟಿ ಸ್ಟೀರಾಯ್ಡ್. ಶುರು ಒಂದೇ ಥರ, ಕೆಲಸ ಉಲ್ಟಾ. ಇನ್ನೊಂದು ಬಲೆ ಅಂದ್ರೆ, ಒಂದೇ ಬ್ರ್ಯಾಂಡ್ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿದ್ರೆ ಒಳಗಿನ ಔಷಧವೇ ಬೇರೆ ಆಗಿರಬಹುದು. "ಅದೇ ಕಂಪನಿದು, ಇನ್ನೂ ಪವರ್‌ಫುಲ್" ಅಂದ್ರೆ ಇನ್ನೂ ಎಚ್ಚರ. ಕೇಳಬೇಕಾದ ಪ್ರಶ್ನೆ ಒಂದೇ: "ಇದರಾಗ ಸ್ಟೀರಾಯ್ಡ್ ಐತೇನ್ರಿ?"

ಕೆಲವೊಮ್ಮೆ ಉರಿ ಬಹಳ ಇದ್ದಾಗ ಡಾಕ್ಟರು ಸೌಮ್ಯವಾದ ಹೈಡ್ರೋಕಾರ್ಟಿಸೋನ್ ಅನ್ನು ಕೆಲವೇ ದಿನಕ್ಕೆ ಕೊಡುವುದುಂಟು. ಅದು ಸ್ಟೀರಾಯ್ಡೇ, ಆದರೆ ಅವರು ಕೂಸನ್ನ ನೋಡಿ, ದಿನ ಎಣಿಸಿ ಕೊಟ್ಟದ್ದು. ಹೆದರಿ ಬಿಡಬ್ಯಾಡ್ರಿ, ಹೇಳಿದ ದಿನ ದಾಟಿಸಲೂ ಬ್ಯಾಡ್ರಿ. ಆಗ ಉಳಿದ ಟ್ಯೂಬನ್ನ ಪಕ್ಕದ ಮನೆ ಕೂಸಿಗೂ ಕೊಡಬ್ಯಾಡ್ರಿ.

ಅಜ್ಜಿ ಹೇಳಿದ್ದು, ಮಂದಿ ಹೇಳಿದ್ದು

ನಮ್ಮ ಕಡೆ ಬಾಣಂತನ ಅಂದ್ರೆ ಅಜ್ಜಿಯಂದಿರ ರಾಜ್ಯ. ಅವರ ಕೈಯಲ್ಲಿ ಹತ್ತಾರು ಕೂಸು ಎರೆಸಿಕೊಂಡು ದೊಡ್ಡವಾಗಿವೆ. ಅವರು ಹೇಳೋದರಲ್ಲಿ ಉಳಿಸಿಕೊಳ್ಳೋದು, ಬಿಡೋದು ಎರಡೂ ಐತಿ.

ಕೊಬ್ಬರಿ ಎಣ್ಣೆ: ಸಾದಾ ಉರಿಗೆ ತೆಳುವಾಗಿ ಹಚ್ಚಿದ್ರೆ ತೊಂದರೆ ಇಲ್ಲ, ಹಿತ ಅನ್ನಿಸಬಹುದು. ಫಂಗಸ್ ಬಂದ ಮೇಲೆ ಅದೊಂದನ್ನೇ ನಂಬಿ ಕೂರಬ್ಯಾಡ್ರಿ.

ಪೌಡರ್: ಬೇಡ. ಟಾಲ್ಕ್ ಆಗಲಿ ಮೆಕ್ಕೆಜೋಳದ ಹಿಟ್ಟಿನದಾಗಲಿ, ಉದುರಿಸಿದಾಗ ಧೂಳು ಕೂಸಿನ ಶ್ವಾಸಕ್ಕೆ ಹೋಗುತ್ತದೆ. ಮಡಿಕೆಯಲ್ಲಿ ಒದ್ದೆಯಾಗಿ ಗಟ್ಟಿಕಟ್ಟಿ ಮರಳಿನಂತೆ ತಿಕ್ಕುತ್ತದೆ. ಬೋರಿಕ್ ಪೌಡರ್ ಅಂತೂ ಮನೆಯಲ್ಲೇ ಇಡಬ್ಯಾಡ್ರಿ. ಕಿತ್ತ ಚರ್ಮದ ಮೂಲಕ ಅದು ರಕ್ತಕ್ಕೆ ಸೇರಿದ್ರೆ ವಿಷ. ಹಿಂದಿನ ಕಾಲದಲ್ಲಿ ಡೈಪರ್ ಜಾಗಕ್ಕೆ ಅದನ್ನು ಹಾಕಿ ಕೂಸುಗಳು ಸತ್ತ ದಾಖಲೆಗಳಿವೆ.

ಅರಿಶಿನ, ಕಡಲೆಹಿಟ್ಟು, ಬೂದಿ, ನಿಂಬೆರಸ: ಆರೋಗ್ಯವಾದ ಚರ್ಮದ ಮಾತೇ ಬೇರೆ, ಕಿತ್ತ ಚರ್ಮಕ್ಕೆ ಇವು ಯಾವುವೂ ಬೇಡ.

ಶೇಗಡಿ ಮೇಲೆ ಬಟ್ಟೆ ಒಣಗಿಸೋದು: ಬಟ್ಟೆ ಪೂರ್ತಿ ಒಣಗಬೇಕು ಅನ್ನೋ ಅಜ್ಜಿಯ ಹಟ ನೂರಕ್ಕೆ ನೂರು ಸರಿ. ಆದರೆ ಬಾಗಿಲು ಹಾಕಿದ ಬಾಣಂತಿ ಕೋಣೆಯಲ್ಲಿ ಕೆಂಡ ಇಡಬ್ಯಾಡ್ರಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಬದಲಿಗೆ ಇಸ್ತ್ರಿ ಪೆಟ್ಟಿಗೆ ತಗೊಳ್ಳಿ. ಲಂಗೋಟಿಯ ಕಕ್ಕ ತೆಗೆದು, ಸಾಬೂನಿನಲ್ಲಿ ಒಗೆದು, ಕುದಿವ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಸಾಬೂನು ಉಳಿಯದಂತೆ ಎರಡು ನೀರಿನಲ್ಲಿ ಜಾಲಿಸಿ, ಫ್ಯಾನ್ ಕೆಳಗೆ ಹರವಿ, ಕೊನೆಗೆ ಬಿಸಿ ಇಸ್ತ್ರಿ. ತೇವವೂ ಹೋಯ್ತು, ಉಳಿದ ಫಂಗಸ್‌ಗೂ ಬಿಸಿ ಮುಟ್ಟಿತು. ಬಿಸಿಲು ಬಂದ ದಿನ ಮೊದಲು ಹಗ್ಗಕ್ಕೆ ಹೋಗಬೇಕಾದದ್ದು ನಮ್ಮ ಜೀನ್ಸ್ ಅಲ್ಲ, ಕೂಸಿನ ಬಟ್ಟೆ.

ಜಗಳ ಮಾಡಬ್ಯಾಡ್ರಿ. "ಅಜ್ಜಿ, ನೀವು ಹೇಳೋದು ಖರೇನೇ, ಒಣಗಿರಬೇಕು. ಪೌಡರ್ ಬದಲಿ ಈ ಬಿಳಿ ಮುಲಾಮು ಹಚ್ಚಿ ನೋಡೂಣ" ಅಂದ್ರೆ ಕೆಲಸವೂ ಆಗುತ್ತದೆ, ಮನಸ್ಸೂ ಉಳಿಯುತ್ತದೆ.

ಬಾಯಿಯನ್ನೂ ನೋಡ್ರಿ

ಕೆಳಗೆ ಫಂಗಸ್ ಇದ್ದಾಗ ಬಾಯಿಯಲ್ಲೂ ಇರಬಹುದು. ನಾಲಿಗೆ ಮೇಲೆ ತೆಳು ಬಿಳುಪು ಇದ್ದು ಒರೆಸಿದ್ರೆ ಹೋದ್ರೆ ಅದು ಹಾಲು. ಕೆನ್ನೆಯ ಒಳಗೆ, ತುಟಿಯ ಒಳಗೆ ಮೊಸರಿನ ಗಟ್ಟಿಯಂತೆ ಅಂಟಿಕೊಂಡು ಒರೆಸಿದ್ರೂ ಬಿಡದಿದ್ರೆ ಅದು ಕ್ಯಾಂಡಿಡಾ ಇರಬಹುದು. ಕೆರೆಯಬ್ಯಾಡ್ರಿ, ರಕ್ತ ಬರುತ್ತದೆ. ಚರ್ಮದ ಮುಲಾಮನ್ನ ಬಾಯಿಗೆ ಹಚ್ಚಬ್ಯಾಡ್ರಿ, ಬಾಯಿಗೆ ಬೇರೆ ಔಷಧ ಐತಿ. ಹಾಲುಣಿಸುವಾಗ ತಾಯಿಗೆ ಮೊಲೆತೊಟ್ಟು ಉರಿಯುತ್ತಿದ್ರೆ ನಾಚದೆ ಹೇಳಬೇಕು. ತಾಯಿ, ಕೂಸು ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗದಿದ್ರೆ ಫಂಗಸ್ ಇಬ್ಬರ ನಡುವೆ ಓಡಾಡುತ್ತಲೇ ಇರುತ್ತದೆ. ಹಾಲು ನಿಲ್ಲಿಸೋ ಅಗತ್ಯ ಇಲ್ಲ.

ಯಾವಾಗ ಓಡಬೇಕು

ಮನೆಯಲ್ಲಿ ಕಾಯದೆ ಡಾಕ್ಟರ ಹತ್ತಿರ ಹೋಗಬೇಕಾದ ಸಂದರ್ಭಗಳು ಇವು. ಕೂಸಿಗೆ ಇನ್ನೂ ಆರು ವಾರ ತುಂಬಿಲ್ಲ. ಜ್ವರ ಐತಿ. ಕೂಸು ಹಾಲು ಕುಡೀತಿಲ್ಲ, ಮಂಕಾಗೇತಿ. ಕೀವು, ನೀರ್ಗುಳ್ಳೆ, ಜೇನಿನ ಬಣ್ಣದ ಹೊಪ್ಪಳೆ ಕಾಣಿಸ್ತಿದೆ. ರಕ್ತ ಒಸರುತ್ತಿದೆ. ಕೆಂಪು ಹೊಟ್ಟೆ, ಬೆನ್ನಿಗೂ ಹಬ್ಬುತ್ತಿದೆ. ಗುದದ್ವಾರದ ಸುತ್ತ ಮಾತ್ರ ಉಂಗುರದಂತೆ ಕಡುಗೆಂಪು, ಇದು ಫಂಗಸ್ ಅಲ್ಲದೆ ಬ್ಯಾಕ್ಟೀರಿಯಾ ಸೋಂಕಿರಬಹುದು. ಆಂಟಿಫಂಗಲ್ ಹಚ್ಚಿ ಮೂರು ದಿನವಾದ್ರೂ ಏನೂ ಸುಧಾರಿಸಿಲ್ಲ. ಗುಣವಾಗಿ ಮತ್ತೆ ಮತ್ತೆ ಬರುತ್ತಿದೆ, ಜೊತೆಗೆ ತೂಕ ಏರುತ್ತಿಲ್ಲ. ಈ ಕೊನೆಯದನ್ನು ಹಗುರವಾಗಿ ತಗೋಬ್ಯಾಡ್ರಿ. ಜಿಂಕ್ ಕೊರತೆ, ರೋಗನಿರೋಧಕ ಶಕ್ತಿಯ ತೊಂದರೆ ಹೀಗೆ ಮುಖ ತೋರಿಸುವುದುಂಟು.

ಎಲ್ಲಿಗೆ ಹೋಗೋದು? ನಂದಗಡದವರಿಗೆ ಊರಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರ, ಅದಾದ ಮೇಲೆ ಖಾನಾಪುರದ ತಾಲ್ಲೂಕು ಆಸ್ಪತ್ರೆ, ಇನ್ನೂ ಬೇಕಾದ್ರೆ ಬೆಳಗಾವಿಯ ಬಿಮ್ಸ್. ಅದಕ್ಕೂ ಮೊದಲು ಮನೆ ಬಾಗಿಲಿಗೇ ಬರುವವರು ಆಶಾ ಕಾರ್ಯಕರ್ತೆಯರು. ಆಸ್ಪತ್ರೆಯಲ್ಲಿ ಹೆರಿಗೆಯಾದ್ರೆ ಕೂಸು ಹುಟ್ಟಿದ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬಂದು ನೋಡಬೇಕು ಅನ್ನೋದು ಸರ್ಕಾರದ ಕಾರ್ಯಕ್ರಮ. ಆಮೇಲೆ 3, 6, 9, 12, 15ನೇ ತಿಂಗಳಿಗೂ ಭೇಟಿ ಉಂಟು. ತೂಕ ನೋಡಿ ಕಳಿಸಿಬಿಡಬ್ಯಾಡ್ರಿ. "ಅಕ್ಕಾರ, ಸ್ವಲ್ಪ ತೊಡೆಸಂದೂ ನೋಡ್ರಿ" ಅಂತ ಲಂಗೋಟಿ ಬಿಚ್ಚಿ ತೋರಿಸಿ. 6, 10, 14 ವಾರಕ್ಕೆ ಲಸಿಕೆಗೆ ಹೋಗ್ತೀರಲ್ಲ, ಆಗಲೂ ಕೇಳಿ.

ಹೋಗುವಾಗ ಎರಡು ಕೆಲಸ. ಇದುವರೆಗೆ ಹಚ್ಚಿದ ಎಲ್ಲ ಟ್ಯೂಬ್‌ಗಳನ್ನ ಚೀಲಕ್ಕೆ ಹಾಕ್ಕೊಂಡು ಹೋಗಿ, ಬೈತಾರೆ ಅಂತ ಬಚ್ಚಿಡಬ್ಯಾಡ್ರಿ. ಸ್ಟೀರಾಯ್ಡ್ ಹಚ್ಚಿದ್ರೆ ಫಂಗಸ್‌ನ ಮುಖಚರ್ಯೆಯೇ ಬದಲಾಗಿರುತ್ತದೆ, ಅದು ಗೊತ್ತಾದ್ರೆ ಡಾಕ್ಟರಿಗೆ ಗುರುತಿಸೋದು ಸುಲಭ. ಇನ್ನೊಂದು, ದಿನಕ್ಕೊಂದು ಫೋಟೋ ತೆಗೆದಿಟ್ಕೊಳ್ಳಿ, ಏರ್ತಿದೆಯೋ ಇಳೀತಿದೆಯೋ ತಿಳಿಯುತ್ತದೆ. ಆ ಫೋಟೋ ಡಾಕ್ಟರಿಗೆ ಮಾತ್ರ. ಕೂಸಿನ ಬರಿಮೈ ಚಿತ್ರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ "ಯಾರಾದ್ರೂ ಹೇಳ್ರಿ" ಅಂತ ಕೇಳಬ್ಯಾಡ್ರಿ. ಕೆಲಸ ಮುಗಿದ ಮೇಲೆ ಅಳಿಸಿಬಿಡ್ರಿ.

ಇದನ್ನು ಕೇಳ್ತಿರೋ ಅಪ್ಪಂದಿರಿಗೊಂದು ಮಾತು. ರಾತ್ರಿ ಎರಡು ಗಂಟೆಗೆ ಡೈಪರ್ ಬದಲಿಸೋಕೆ, ಲಂಗೋಟಿಗೆ ಇಸ್ತ್ರಿ ಹಾಕೋಕೆ, ಟ್ಯೂಬ್ ಹಿಂದಿನ ಸಣ್ಣಕ್ಷರ ಓದೋಕೆ ತಾಯಿಯೇ ಆಗಬೇಕಿಲ್ಲ. ಪೇಟೆಗೆ ಹೋಗಿ ಔಷಧ ತರೋದು ಹೆಚ್ಚಾಗಿ ನೀವೇ ಅಲ್ಲವಾ? ಕೌಂಟರ್ ಮುಂದೆ ಆ ಒಂದು ಪ್ರಶ್ನೆ ಕೇಳೋದು ನಿಮ್ಮ ಪಾಲಿನ ಬಾಣಂತನ.

ನಿಮ್ಮ ಮನೆಯಲ್ಲಿ, ಬಳಗದಲ್ಲಿ ಹೊಸ ಕೂಸಿದ್ರೆ ಈ ಸಂಚಿಕೆ ಅವರಿಗೆ ಕಳಿಸಿ.